‘ಹಾಡಿದ ಧ್ವನಿ ನನ್ನದಲ್ಲ’ ಎಂದು ಬರೆಸಿಕೊಳ್ಳುವವರಿಗೆ

ಪರೀಕ್ಷಾ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ಮಗಳು ಹಾಡಿದ ಹಾಡನ್ನು ಅವಳು ಹಾಡಿಯೇ ಇಲ್ಲವೆಂದು ನಿಮ್ಮ ಮಂಡಳಿ ತೀರ್ಮಾನಿಸಿದೆ. ಅವಳು ಮಾತಾಡುವಾಗ ಉಗ್ಗುತ್ತಾಳೆ ಎಂಬುದೇ ಆ ತೀರ್ಮಾನಕ್ಕಿರುವ ಆಧಾರ. ಅದರ ಫಲವಾಗಿ ಅವಳೂ ಅವಳ ಜೊತೆ ದುಡಿದ ಇಬ್ಬರು ಗೆಳೆಯರೂ ‘ಅಕ್ರಮ ಎಸಗಿದ ಅಭ್ಯರ್ಥಿಗಳು’ ಎಂಬ ಪಟ್ಟ ಹೊತ್ತು ಮನೆಯಲ್ಲಿ ಕೂತಿದ್ದಾರೆ. ನಿಮ್ಮ ಕಚೇರಿಯ ಬಾಗಿಲುಗಳನ್ನೆಲ್ಲ ತಟ್ಟಿಯಾಯಿತು. ಪ್ರತಿ ಬಾಗಿಲೂ ಇನ್ನೊಂದು ಬಾಗಿಲನ್ನು ತೋರಿಸಿತು. ಖಾಸಗಿಯಾಗಿ ಬರೆದ ಅರ್ಜಿಗಳು ಯಾವ ಮೇಜಿನ ಮೇಲೆ ಮಲಗಿವೆಯೋ ಗೊತ್ತಿಲ್ಲ. ಅದಕ್ಕೇ ಊರೆಲ್ಲ ಓದಲೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಬಸ್ ನಿಲ್ದಾಣದಲ್ಲಿ ಮೈಕ್ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ರದ್ದು ಎಂದು ಕೂಗುವವಳು. ಒಂದಕ್ಷರ ತಪ್ಪಿದರೆ ಜನ ಊರು ತಪ್ಪುತ್ತಾರೆ. ಹೀಗೆ ಮಾತನ್ನೇ ಉಂಡು ಬದುಕುವ ನನ್ನ ಹೊಟ್ಟೆಯಲ್ಲಿ ಉಗ್ಗುವ ಮಗಳು ಹುಟ್ಟಿದಳು. ‘ಮಗಳ ಪಾಲಿನ ಮಾತನ್ನೂ ನೀನೇ ಆಡಿ ಮುಗಿಸಿದೀಯ’ ಎಂದು ನಿಲ್ದಾಣದವರು ತಮಾಷೆ ಮಾಡುತ್ತಾರೆ. ನಾನೂ ನಗುತ್ತೇನೆ. ಶಾಲೆಯಲ್ಲಿ ಅವಳಿಗೆ ‘ರೇಡಿಯೋ’ ಎಂದು ಹೆಸರಿಟ್ಟಿದ್ದರು, ಸ್ಟೇಷನ್ ಸಿಗದೆ ಗೊರಗೊರ ಅನ್ನುವ ರೇಡಿಯೋ ಎಂಬ ಅರ್ಥದಲ್ಲಿ. ಅವಳು ಅದನ್ನು ಮನೆಗೆ ತಂದು ಹೇಳಿ, ತಾನೇ ಮೊದಲು ನಕ್ಕು, ಆಮೇಲೆ ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡಳು. ಮನೆಯಲ್ಲಿ ಅವಳ ಮಾತನ್ನು ನಡುವೆ ಬಾಯಿ ಹಾಕದೆ ಕೇಳುವವರು ನನ್ನ ಅತ್ತೆ ಒಬ್ಬರೇ. ‘ನಂಗೆ ತಾಳ್ಮೆ ಜಾಸ್ತಿ ಅಂತಲ್ಲ ಕಣೇ, ಕಿವಿ ಮಂದ. ಅವಳು ಮೂರು ಸಲ ಅಂದ್ರೇನೇ ನಂಗೆ ಒಂದ್ಸಲ ಕೇಳೋದು’ ಎನ್ನುತ್ತಾರೆ.

ಆದರೆ ಹಾಡುವಾಗ ಅವಳು ಉಗ್ಗುವುದಿಲ್ಲ. ಇದರಲ್ಲಿ ಪವಾಡವೇನೂ ಇಲ್ಲ. ಉಗ್ಗುವ ಎಷ್ಟೋ ಜನ ರಾಗದಲ್ಲಿ ಸರಾಗವಾಗಿ ಹರಿಯುತ್ತಾರೆ. ಯಾವ ವೈದ್ಯರನ್ನು ಕೇಳಿದರೂ ಹೇಳಿಯಾರು. ಕೇಳಬೇಕಷ್ಟೆ.

ಈ ವರ್ಷ ‘ಮಾಧ್ಯಮ ತಂತ್ರಜ್ಞಾನ’ ಎಂಬ ವಿಷಯದಲ್ಲಿ ಮಕ್ಕಳು ಗುಂಪಾಗಿ ಒಂದು ಮ್ಯೂಸಿಕ್ ವಿಡಿಯೋ ಮಾಡಬೇಕೆಂದು ನೀವೇ ವಿಧಿಸಿದಿರಿ. ‘ವಿದ್ಯಾರ್ಥಿಗಳ ಸೃಜನಶೀಲತೆ ಅರಳಲಿ’ ಎಂದು ಪಠ್ಯಕ್ರಮದ ಮುನ್ನುಡಿಯಲ್ಲಿ ಬರೆದಿದ್ದೀರಿ. ನನ್ನ ಮಗಳನ್ನು ಯಾವ ಗುಂಪೂ ಕರೆಯಲಿಲ್ಲ. ಕೊನೆಗೆ ಅವಳಂತೆಯೇ ಉಳಿದುಹೋಗಿದ್ದ ಇಬ್ಬರು ಸೇರಿಕೊಂಡರು. ಒಬ್ಬ ಬಾಗಿಲಿಗೆ ತಲೆ ತಾಗುವಷ್ಟು ಉದ್ದದ ಹುಡುಗ, ಲಂಬೂ. ಇನ್ನೊಬ್ಬಳು ಸದಾ ಕಂಪ್ಯೂಟರಿನ ಮೌಸ್ ಹಿಡಿದು ಕೂರುವ ಹುಡುಗಿ. ಅದಕ್ಕೇ ಅವಳನ್ನು ಎಲ್ಲರೂ ಇಲಿ ಎನ್ನುತ್ತಾರೆ. ಹಾಡು ನನ್ನ ಮಗಳೇ ಬರೆದಳು. ‘ಬಾಗಿಲಾಚೆ ನಿಂತ ಮಾತೇ, ಒಳಗೆ ಬಾ, ಬೀಗ ಹಾಕಿಲ್ಲ’ ಎಂದು ಶುರುವಾಗುತ್ತದೆ. ದಿನವಿಡೀ ಮೈಕಿನಲ್ಲಿ ಕೂಗುವ ನಾನು ಅದನ್ನು ಎರಡು ಸಲ ಮೆಲ್ಲಗೆ ಓದಿಕೊಂಡೆ.

ಅವರ ಬಳಿ ಇದ್ದ ಸಲಕರಣೆ ಕೇಳಿ. ಲಂಬೂವಿನ ಫೋನೇ ಕ್ಯಾಮೆರಾ. ಓಡುವ ದೃಶ್ಯ ಬೇಕಾದಾಗ ಅವನನ್ನು ಕಂಪ್ಯೂಟರ್ ಕೋಣೆಯ ಗಾಲಿ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಗೆ ಹಗ್ಗ ಕಟ್ಟಿ, ಇಲಿ ಶಾಲೆಯ ಪಡಸಾಲೆಯುದ್ದಕ್ಕೂ ಎಳೆದಳು. ಕುರ್ಚಿ ಮೆಟ್ಟಿಲ ಹತ್ತಿರ ನಿಲ್ಲದೆ ಹೋದಾಗ ಲಂಬೂ ಫೋನನ್ನು ಎದೆಗವಚಿಕೊಂಡು ತಾನು ಬಿದ್ದ. ಮೊಣಕೈ ಸುಲಿಯಿತು, ಶಾಟ್ ಉಳಿಯಿತು. ನಮ್ಮ ಮನೆಯ ಹಸಿರು ಹೊದಿಕೆ ಗೋಡೆಗೇರಿತು. ಅದರ ಮುಂದೆ ನಿಂತ ನನ್ನ ಮಗಳ ಸುತ್ತ, ಇಲಿ ಕಂಪ್ಯೂಟರಿನಲ್ಲಿ ಹಸಿರನ್ನೆಲ್ಲ ಅಳಿಸಿ, ಅಕ್ಷರಗಳನ್ನು ಹಕ್ಕಿಗಳಂತೆ ಹಾರಿಸಿದಳು. ಹಾಡಿನ ತಾಳದ ಪೆಟ್ಟು ಬೀಳುವಲ್ಲಿ ಸರಿಯಾಗಿ ದೃಶ್ಯ ಬದಲಾಗಬೇಕೆಂದು ಒಂದೇ ತುಣುಕನ್ನು ಕತ್ತರಿಸಿ, ಜೋಡಿಸಿ, ಮತ್ತೆ ಕತ್ತರಿಸಿದಳು. ನನ್ನ ಮಗಳು ಜೊತೆಯವರ ನಡುವೆ ಇಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಹಾಡು ಧ್ವನಿಮುದ್ರಣವಾದದ್ದು ನಮ್ಮ ಬಟ್ಟೆ ಬೀರುವಿನೊಳಗೆ. ತೂಗುಹಾಕಿದ ಬಟ್ಟೆಗಳ ನಡುವೆ ಪ್ರತಿಧ್ವನಿ ಏಳುವುದಿಲ್ಲವಂತೆ. ಅವರ ಮಾಧ್ಯಮ ಶಿಕ್ಷಕಿ ಹೇಳಿಕೊಟ್ಟಿದ್ದರು. ನನ್ನ ಕೋಟಿಗೂ ಅತ್ತೆಯ ಶಾಲಿಗೂ ನಡುವೆ ಕೂತು ಅವಳು ಹಾಡಿದಳು. ನಾನು ಅಡುಗೆಮನೆಯಲ್ಲಿ ಒಲೆ ಆರಿಸಿ, ಸದ್ದಾಗದಂತೆ ಪಾತ್ರೆ ಕೆಳಗಿಟ್ಟು, ನಿಂತೇ ಕೇಳಿದೆ. ಮಾನ್ಯರೇ, ಅಲ್ಲಿ ಯಾವ ಯಂತ್ರ ಹಾಡುತ್ತಿತ್ತೋ ಅದಕ್ಕೆ ನಾನೇ ಹಾಲು ಕುಡಿಸಿ ಬೆಳೆಸಿದ್ದೇನೆ.

ಇನ್ನು ಮೌಖಿಕ ಪರೀಕ್ಷೆಯ ದಿನಕ್ಕೆ ಬರುತ್ತೇನೆ. ನಾನು ಅಲ್ಲಿರಲಿಲ್ಲ. ಲಂಬೂ ಮತ್ತು ಇಲಿ ಬೇರೆಬೇರೆಯಾಗಿ ಹೇಳಿದ್ದು ಒಂದೇ ಆಗಿದೆ. ನಿಮ್ಮ ಮಂಡಳಿ ಕಳಿಸಿದ ಪರೀಕ್ಷಕರು ವಿಡಿಯೋ ಪೂರ್ತಿ ನೋಡಿ ತಲೆದೂಗಿದರಂತೆ. ‘ಭೇಷ್. ಹಾಡಿದ್ದು ಯಾರು?’ ಎಂದರಂತೆ.

ನನ್ನ ಮಗಳು ಎದ್ದು ನಿಂತಳು. ‘ನಾ... ನಾ... ನಾ...’

‘ನಾ ಅಂದ್ರೆ? ಯಾರಮ್ಮ ಅದು?’

‘ಅವಳೇ ಸರ್ ಹಾಡಿದ್ದು’ ಎಂದ ಲಂಬೂ.

‘ನಿನ್ನ ಕೇಳಿದ್ನಾ? ಅವಳು ಹೇಳ್ಲಿ.’

ಅವಳು ಹೇಳಲು ನೋಡಿದಳು. ಎಲ್ಲರೂ ಕಾಯುತ್ತಿದ್ದಾರೆ ಎಂದು ಗೊತ್ತಾದಷ್ಟೂ ಅವಳ ಉಗ್ಗು ಹೆಚ್ಚುತ್ತದೆ. ಪರೀಕ್ಷಕರು ಪೆನ್ನು ಮೇಜಿಗೆ ಕುಟ್ಟುತ್ತಾ, ‘ನೋಡಮ್ಮಾ, ನಾನು ಅನ್ನೋಕೇ ನಿಂಗೆ ಬರ್ತಿಲ್ಲ. ಇಷ್ಟುದ್ದ ಹಾಡನ್ನ ನೀರು ಕುಡಿದ ಹಾಗೆ ಹಾಡಿದೆ ಅಂದ್ರೆ ನಾನು ನಂಬಬೇಕಾ? ಯಾವ ಸಾಫ್ಟ್‌ವೇರ್‌ನಲ್ಲಿ ಮಾಡ್ಸಿದ್ರಿ, ಅದನ್ನಾದ್ರೂ ಹೇಳಿ’ ಎಂದರು. ಕೋಣೆಯಲ್ಲಿದ್ದ ಬೇರೆ ಗುಂಪಿನ ಮಕ್ಕಳು ನಕ್ಕರು. ಅವಳು ಕೂತುಬಿಟ್ಟಳು. ‘ಅಭ್ಯರ್ಥಿಯಿಂದ ಉತ್ತರವಿಲ್ಲ’ ಎಂದು ದಾಖಲಾಯಿತು.

ಆಮೇಲೆ, ನಿಮ್ಮ ನ್ಯಾಯಪರತೆಯನ್ನು ಮೆಚ್ಚಬೇಕು, ನೀವು ವೈಜ್ಞಾನಿಕವಾಗಿಯೂ ಪರಿಶೀಲಿಸಿದಿರಿ. ಕೃತಕ ಧ್ವನಿಯನ್ನು ಪತ್ತೆಮಾಡುವ ತಂತ್ರಾಂಶಕ್ಕೆ ಹಾಡನ್ನು ಉಣಿಸಿದಿರಿ. ಧ್ವನಿ ‘ಅಸಹಜವಾಗಿ ಶುದ್ಧ’ವಾಗಿದೆ, ಉಸಿರಿನ ಸದ್ದಿಲ್ಲ, ಆದ್ದರಿಂದ ಕೃತಕವಿರಬಹುದು ಎಂದು ಅದು ಹೇಳಿತು. ‘ಇರಬಹುದು’ ಎಂದದ್ದು ಯಂತ್ರ. ಅದನ್ನು ‘ಹೌದು’ ಮಾಡಿದ್ದು ಮನುಷ್ಯರು. ಉಸಿರಿನ ಸದ್ದು ಏಕಿಲ್ಲ? ಏಕೆಂದರೆ ಇಲಿ ಅದನ್ನು ತೆಗೆದಿದ್ದಾಳೆ. ಏಕೆ ತೆಗೆದಳು? ಏಕೆಂದರೆ ಬೇಡದ ಸದ್ದನ್ನು ತೆಗೆದು ಧ್ವನಿಯನ್ನು ಶುದ್ಧಗೊಳಿಸುವುದು ಹೇಗೆಂದು ನಿಮ್ಮದೇ ಪಠ್ಯಪುಸ್ತಕ ಒಂದಿಡೀ ಅಧ್ಯಾಯದಲ್ಲಿ ಕಲಿಸುತ್ತದೆ. ಸರಿಯಾಗಿ ಕಲಿತ ತಪ್ಪಿಗೆ ಮಕ್ಕಳಿಗೆ ಶಿಕ್ಷೆಯಾಗಿದೆ. ಮುಂದಿನ ವರ್ಷದ ಪುಸ್ತಕದಲ್ಲಿ ‘ದಯವಿಟ್ಟು ಇದನ್ನು ಚೆನ್ನಾಗಿ ಮಾಡಬೇಡಿ’ ಎಂದು ಅಡಿಟಿಪ್ಪಣಿ ಹಾಕಿಸುತ್ತೀರಾ?

ನಾವು ಮೇಲ್ಮನವಿ ಹಾಕಿದೆವು. ವಿಚಾರಣಾ ಸಮಿತಿಯ ಮುಂದೆ ‘ಅಭ್ಯರ್ಥಿಯು ಖುದ್ದಾಗಿ, ಮೌಖಿಕವಾಗಿ’ ವಿವರಣೆ ಕೊಡಬೇಕೆಂದು ಉತ್ತರ ಬಂತು. ಕುಂಟುವವನ ಮೇಲ್ಮನವಿಯನ್ನು ಓಟದ ಪಂದ್ಯದಲ್ಲಿ ತೀರ್ಮಾನಿಸುವ ಪದ್ಧತಿಯೂ ನಿಮ್ಮಲ್ಲಿ ಇರಬಹುದು. ಬರೆದುಕೊಡುತ್ತಾಳೆ ಎಂದೆ, ನಿಯಮವಿಲ್ಲ ಎಂದರು. ಅವಳ ಪರವಾಗಿ ನಾನು ಮಾತಾಡುತ್ತೇನೆ ಎಂದೆ. ಪೋಷಕರು ಮಾತಾಡುವಂತಿಲ್ಲ ಎಂದರು. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಮಾತು ಬಾರದವಳಿಗೆ ನ್ಯಾಯವೂ ಇಲ್ಲವೆಂಬ ಉಳಿದರ್ಧವನ್ನು ನಿಮ್ಮ ಮಂಡಳಿಯಿಂದ ಕಲಿತೆ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರಾಚೆ ಮೂವರು ಸದಸ್ಯರು. ಇಲಿ ಮೂಲ ಮುದ್ರಣಗಳನ್ನೆಲ್ಲ ತಂದಿದ್ದಳು. ಏನನ್ನೂ ಕತ್ತರಿಸದ, ಶುದ್ಧಗೊಳಿಸದ ತುಣುಕುಗಳು. ಅವುಗಳಲ್ಲಿ ನನ್ನ ಮಗಳು ‘ಇ... ಇಲೀ, ಇ... ಇನ್ನೊಂದ್ಸಲ’ ಎಂದು ಉಗ್ಗುತ್ತಾಳೆ, ಬೀರುವಿನ ಹ್ಯಾಂಗರ್ ತಲೆಗೆ ತಾಗಿ ‘ಅಯ್ಯೋ’ ಎನ್ನುತ್ತಾಳೆ, ಮೂವರೂ ಬಿದ್ದುಬಿದ್ದು ನಗುತ್ತಾರೆ, ಅದೇ ಉಸಿರಿನಲ್ಲಿ ಅವಳು ಹಾಡು ಎತ್ತಿಕೊಳ್ಳುತ್ತಾಳೆ. ಅದನ್ನು ಕೇಳಿದ ಮೇಲೆ ಅನುಮಾನ ಉಳಿಯುವುದಿಲ್ಲ. ನಿಮ್ಮ ಸಮಿತಿ ಕೇಳಲಿಲ್ಲ. ಸಲ್ಲಿಕೆಯಾದ ವಿಡಿಯೋ ಬಿಟ್ಟು ಬೇರೇನನ್ನೂ ಪರಿಗಣಿಸಲು ಅವಕಾಶವಿಲ್ಲವಂತೆ.

ಒಬ್ಬ ಸದಸ್ಯರು ನನ್ನ ಉದ್ಯೋಗ ಕೇಳಿದರು. ಹೇಳಿದೆ. ಅವರ ಮುಖ ಅರಳಿತು. ‘ಓಹೋ, ಮೈಕ್ ಮುಂದೆ ಅಭ್ಯಾಸ ಇರೋರು. ಹಾಗಾದ್ರೆ ಧ್ವನಿ ನಿಮ್ಮದೇ ಯಾಕಿರಬಾರ್ದು?’

‘ಸ್ವಾಮಿ, ನಾನು ಹಾಡಿದ್ರೆ ಬಸ್ಸುಗಳು ಟೈಮಿಗೆ ಮುಂಚೇನೇ ನಿಲ್ದಾಣ ಬಿಟ್ಟು ಓಡ್ತವೆ’ ಎಂದೆ. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ. ಯಂತ್ರ ಹಾಡಿದೆ, ಇಲ್ಲವೇ ತಾಯಿ ಹಾಡಿದ್ದಾಳೆ. ಜಗತ್ತಿನಲ್ಲಿ ಯಾರು ಬೇಕಾದರೂ ಹಾಡಿರಬಹುದು, ಆ ಹುಡುಗಿಯೊಬ್ಬಳನ್ನು ಬಿಟ್ಟು.

ಆಗ ನನ್ನ ಮಗಳು, ಯಾರೂ ಹೇಳಿಕೊಡದೆ, ಕಣ್ಣು ಮುಚ್ಚಿ ಹಾಡಲು ಶುರುಮಾಡಿದಳು. ‘ಬಾಗಿಲಾಚೆ ನಿಂತ ಮಾತೇ’ ಎಂಬಷ್ಟು ಹಾಡಿದ್ದಳೋ ಇಲ್ಲವೋ, ನಡುವೆ ಕೂತಿದ್ದವರು ಕೈಯೆತ್ತಿದರು. ‘ನಿಲ್ಸಮ್ಮ. ಇದು ಸಂಗೀತ ಕಛೇರಿ ಅಲ್ಲ. ಕೇಳಿದ್ದಕ್ಕೆ ಬಾಯಲ್ಲಿ ಉತ್ತರ ಹೇಳು.’ ಅವಳು ಕಣ್ಣು ತೆರೆದು ಅವರನ್ನು ನೋಡಿದಳು. ಅಂದಿನಿಂದ ಇಂದಿನವರೆಗೂ ಅವಳು ಹಾಡಿಲ್ಲ. ಸ್ನಾನದ ಮನೆಯಲ್ಲೂ ಇಲ್ಲ.

ಇಲ್ಲಿಗೆ ಮುಗಿದಿದ್ದರೆ ಹಣೆಬರಹ ಎಂದು ಸುಮ್ಮನಿರುತ್ತಿದ್ದೆನೇನೋ. ಕಳೆದ ವಾರ ನಿಮ್ಮ ಕಚೇರಿಯಿಂದ ಒಬ್ಬರು ಫೋನ್ ಮಾಡಿದರು. ದನಿ ಬಹಳ ಮೃದುವಾಗಿತ್ತು. ‘ಮೇಡಮ್, ಸುಮ್ನೆ ಯಾಕೆ ಎಳೀತೀರಾ? ಹಾಡಿದ ಧ್ವನಿ ನನ್ನದಲ್ಲ ಅಂತ ನಿಮ್ಮ ಮಗಳು ಒಂದು ಸಾಲು ಬರ್ಕೊಡ್ಲಿ, ನೀವೂ ಸಹಿ ಹಾಕಿ. ತಪ್ಪು ಒಬ್ಬಳ ಮೇಲೆ ಹೋಗುತ್ತೆ, ಇನ್ನಿಬ್ರು ಪಾಸಾಗಿ ಹೋಗ್ತಾರೆ. ಇವಳು ಒಂದು ವರ್ಷ ಕೂತು ಮತ್ತೆ ಬರೀಲಿ. ಚಿಕ್ಕ ವಯಸ್ಸು, ಏನಾಗುತ್ತೆ?’

ಏನಾಗುತ್ತದೆ ಎಂದು ಹೇಳುತ್ತೇನೆ. ಅದೇ ಮೃದು ದನಿ ಇಲಿಯ ಮನೆಗೂ ಫೋನ್ ಮಾಡಿತ್ತು. ಇಲಿಯ ತಾಯಿ ನಮ್ಮ ಮನೆಗೆ ಬಂದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ‘ಅಕ್ಕಾ, ನಿಮ್ಮ ಮಗಳೇ ಹಾಡಿದ್ದು ಅಂತ ನಂಗೂ ಗೊತ್ತು. ಆದ್ರೂ ನನ್ನ ಮಗಳ ವರ್ಷ ಉಳಿಸಿಕೊಡಿ’ ಎಂದು ಕೈ ಮುಗಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನೂ ಯಾರದೋ ಮನೆಯ ಹೊಸ್ತಿಲಲ್ಲಿ ಹಾಗೇ ನಿಂತಿರುತ್ತಿದ್ದೆ. ಒಬ್ಬರ ಮಗುವನ್ನು ಮುಳುಗಿಸಿ ಇನ್ನೊಬ್ಬರ ಮಗುವನ್ನು ಎತ್ತಿಕೊಳ್ಳಿ ಎಂದು ತಾಯಂದಿರನ್ನು ಎದುರುಬದುರು ನಿಲ್ಲಿಸಿದ್ದು ಯಾರು, ಮಾನ್ಯರೇ?

ಒಳಕೋಣೆಯಲ್ಲಿ ನನ್ನ ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವರು ಹೋದ ಮೇಲೆ ಆ ಒಂದು ಸಾಲನ್ನು ಬರೆದು ತಂದು ನನ್ನ ಮುಂದಿಟ್ಟಳು. ಅಕ್ಷರ ದುಂಡಗಿತ್ತು. ಬರೆಯುವಾಗಲೂ ಅವಳು ಉಗ್ಗುವುದಿಲ್ಲ.

‘ಸ... ಸಹಿ ಹಾಕಮ್ಮ. ಅ... ಅವ್ರಿಬ್ರೇ ನನ್ನ ಜೊತೆ ಸೇರಿದ್ದು.’

‘ಸುಳ್ಳಿಗೆ ಸಹಿ ಹಾಕು ಅಂತೀಯೇನೇ?’

‘ಯಾ... ಯಾರ್ಗೆ ಬೇಕಮ್ಮ ನಿಜ?’

ಇದು ನಿಮಗೆ ಸೇರಬೇಕಾದ ಪ್ರಶ್ನೆ. ನಾನು ಸಹಿ ಹಾಕಲಿಲ್ಲ. ಅದಕ್ಕಾಗಿ ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬೇಕಾದ್ದನ್ನು ಅಜ್ಜಿಗೆ ಹೇಳಿ ನನಗೆ ತಲುಪಿಸುತ್ತಾಳೆ. ಲಂಬೂ ಮತ್ತು ಇಲಿ ನಿನ್ನೆ ಬಂದು ಆ ಕಾಗದ ಕೊಡಬೇಡಿ ಆಂಟೀ ಎಂದು ಅತ್ತರು. ಅವಳು ಕೋಣೆಯ ಚಿಲಕ ತೆಗೆಯಲಿಲ್ಲ. ಗೆಳೆಯರನ್ನು ಉಳಿಸಬೇಕೆನ್ನುವ ಮಗಳನ್ನು ನಾನು ಹೇಗೆ ತಡೆಯಲಿ? ತನ್ನ ಕೊರಳನ್ನು ತಾನೇ ಇಲ್ಲವೆನ್ನುವ ಮಗಳಿಗೆ ನಾನು ಹೇಗೆ ಸಹಿ ಹಾಕಲಿ? ಆ ಕಾಗದ ಒಪ್ಪಿಸಲು ನೀವು ಕೊಟ್ಟ ಗಡುವು ಈ ಶನಿವಾರ ಮುಗಿಯುತ್ತದೆ. ಹಾಕಿದರೂ ತಪ್ಪು, ಹಾಕದಿದ್ದರೂ ತಪ್ಪು ಎಂಬ ಜಾಗದಲ್ಲಿ ನನ್ನನ್ನು ನಿಲ್ಲಿಸಿದ್ದೀರಿ. ನನ್ನ ಕೈ ಎಷ್ಟು ದಿನ ಗಟ್ಟಿಯಾಗಿರುತ್ತದೋ ನಿಜವಾಗಿಯೂ ಗೊತ್ತಿಲ್ಲ.

ದಯೆ ಬೇಡುತ್ತಿಲ್ಲ. ಕೃಪಾಂಕವೂ ಬೇಡ. ಗಡುವನ್ನು ತಡೆಹಿಡಿಯಿರಿ. ಮೂಲ ಮುದ್ರಣಗಳನ್ನು ಕೇಳಿರಿ. ಮೂರೂ ಮಕ್ಕಳ ಮೇಲಿನ ಆರೋಪವನ್ನು ಬರಹದಲ್ಲೇ ಹಿಂತೆಗೆಯಿರಿ. ಇಷ್ಟಾದ ಮೇಲೂ ಅವಳ ಬಾಯಿಂದಲೇ ಕೇಳಬೇಕೆಂಬ ಹಟವಿದ್ದರೆ ನೀವೇ ಕರೆಸಿ, ನೀವೇ ಎದುರಿಗೆ ಕೂತು, ಹಾಡಿದ್ದು ಯಾರೆಂದು ಕೇಳಿರಿ. ಅವಳು ‘ನಾ’ ಎನ್ನುತ್ತಾಳೆ. ಮತ್ತೆ ‘ನಾ’ ಎನ್ನುತ್ತಾಳೆ. ಪೆನ್ನು ಕುಟ್ಟಬೇಡಿ, ಗಡಿಯಾರ ನೋಡಬೇಡಿ, ಅವಳ ಮಾತನ್ನು ನೀವು ಮುಗಿಸಿಕೊಡಬೇಡಿ. ‘ನಾನು’ ಎಂಬುದು ಎರಡೇ ಅಕ್ಷರದ ಮಾತು, ಮಾನ್ಯರೇ. ಎರಡನೆಯದು ಬರುವವರೆಗೆ ಕಾಯಿರಿ.

ಇಂತಿ,
ಸಹಿ ಹಾಕಬೇಕಾದ ಜಾಗವನ್ನು ಖಾಲಿ ಬಿಟ್ಟು, ಹಾಕಬಾರದ ಕಡೆ ಹೀಗೆ ಬಹಿರಂಗವಾಗಿ ಹಾಕುತ್ತಿರುವ
ಒಬ್ಬ ತಾಯಿ