ನೀಲಿ ಬಣ್ಣದ ಕೊಕ್ಕೆ

ಮಾರ್ಚ್ ೧೪, ಗುರುವಾರ. ಗ್ಯಾರೇಜು, ಮಧ್ಯಾಹ್ನ. ಕಾರು ಇನ್ನೂ ಜಾಕ್ ಮೇಲಿದೆ.

ಭಾವ,

ಇದನ್ನು ನಿಮಗೆ ಕಳಿಸುವುದಿಲ್ಲ, ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಇವತ್ತು ಒಬ್ಬ ಮೇಷ್ಟರ ಕಾರಿನ ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಸ್ಟ್ರಟ್ ಬದಲಿಸಬೇಕಿತ್ತು. ನೀವು ಕಲಿಸಿದಂತೆ ಅದರ ಸ್ಪ್ರಿಂಗು ಕುಗ್ಗಿಸಲು ಎರಡೂ ಬದಿಗೆ ಎದುರುಬದುರು ಕಂಪ್ರೆಸರ್ ಕೊಕ್ಕೆ ಹಾಕಿ, ಬೋಲ್ಟುಗಳನ್ನು ಸರದಿಯಂತೆ ಎರಡೆರಡು ಸುತ್ತು ಬಿಗಿಸುತ್ತಿದ್ದೆ. ಸ್ಪ್ರಿಂಗು ಅರ್ಧ ಕುಗ್ಗಿದಾಗ ಒಂದು ಕೊಕ್ಕೆಯ ನೀಲಿ ಬಣ್ಣ ಸಿಪ್ಪೆಯಂತೆ ಎದ್ದಿತು. ಅಡಿಯಲ್ಲಿ ಹಳೆಯ ವೆಲ್ಡಿಂಗ್ ಗೆರೆ, ಅದರ ಪಕ್ಕದಲ್ಲೇ ಕೂದಲೆಳೆಯಷ್ಟು ಹೊಸ ಬಿರುಕು.

ಕೊಕ್ಕೆ ಮುರಿದರೆ ಸ್ಪ್ರಿಂಗು ಸಿಡಿದು ನೇರ ಮುಖಕ್ಕೇ ಬರುತ್ತದೆ. ಮುಖ ಪಕ್ಕಕ್ಕಿಟ್ಟು, ಬಿಗಿಸಿದ ಸರದಿಯಲ್ಲೇ ಸಡಿಲಿಸಿದೆ.

"ಯಾಕ್ರೀ, ಇಷ್ಟೊಂದು ಬೆವರ್ತಾ ಇದೀರಾ?" ಎಂದರು ಮೇಷ್ಟರು.

"ಸೆಖೆ ಸಾರ್" ಎಂದೆ.

ಆ ನೀಲಿ ನಮ್ಮ ಗ್ಯಾರೇಜಿನ ಗೇಟಿನದು; ನಾವಿಬ್ಬರೂ ಬಳಿದು ಉಳಿದ ಡಬ್ಬಿಯನ್ನು ಒಯ್ದವರು ನೀವು. "ವೆಲ್ಡ್ ಮಾಡಿದ ಕೊಕ್ಕೆ ನಂಬೋದೂ ಒಂದೇ, ಹಾವಿನ ಹೆಡೆ ಕೆಳಗೆ ಮಲಗೋದೂ ಒಂದೇ" ಎನ್ನುತ್ತಿದ್ದವರು ನೀವು. ಗ್ಯಾರೇಜು ಪಾಲಾದ ದಿನ ಹೊಸ ಕೊಕ್ಕೆಗಳ ಜೊತೆಯನ್ನು ನೀವಿಟ್ಟುಕೊಂಡು, ಈ ಜೊತೆಯನ್ನು ನನ್ನ ಕೈಗೆ ಕೊಟ್ಟಿರಿ. "ನಮ್ಮ ಹಳೇದು ಕಣೋ, ಕಣ್ಮುಚ್ಕೊಂಡು ಬಳಸು." ಪ್ರೀತಿ ಅಂದುಕೊಂಡೆ. ವರ್ಷವಿಡೀ ಕೆಲಸ ಮುಗಿದ ಮೇಲೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದೆ.

ಈಗಷ್ಟೇ ಅಕ್ಕನ ಫೋನು ಬಂದಿತ್ತು. "ಭಾನುವಾರ ಊಟಕ್ಕೆ ಬಾರೋ. ನಿನ್ ಭಾವ ದಿನಾ ಕೇಳ್ತಾರೆ, ಅವನು ಹುಷಾರಾಗಿದಾನಾ ಅಂತ."

"ಬರ್ತೀನಿ" ಎಂದುಬಿಟ್ಟೆ.

ಹೋಗುವುದಿಲ್ಲವೆಂದು ನಿರ್ಧರಿಸಿದ್ದೇನೆ. ಅವಳಿಗೆ ಇನ್ನೂ ಹೇಳಿಲ್ಲ.