ಲೈನ್‌ಮ್ಯಾನ್ ಬರಲಿಲ್ಲ ಎಂಬ ದೂರು

ಗಾಳಿವರ್ಷ ನೂರಾ ಎಂಬತ್ತೊಂದು, ಎರಡನೆಯ ಆಷಾಢ, ಮೂವತ್ತೇಳನೆಯ ದಿನ.

ನನ್ನ ಮುತ್ತಜ್ಜಿಯ ಮುತ್ತಜ್ಜಿಯಾದ ಫಕ್ಕೀರವ್ವನಿಗೆ ನಿನ್ನ ವಂಶದ ನೀಲಗಂಗವ್ವನ ಶರಣು.

ತಾರೀಖು ನೋಡಿ ಹುಬ್ಬೇರಿಸಬೇಡ. ನಮ್ಮ ತಿಂಗಳುಗಳು ಗಾಳಿಯ ಮರ್ಜಿಯಂತೆ ಹಿಗ್ಗುತ್ತವೆ. ಗಾಳಿ ನಿಲ್ಲುವವರೆಗೆ ಆಷಾಢ ಮುಗಿಯುವುದಿಲ್ಲ. ನನ್ನ ಮಾತುಗಳೂ ನಿನಗೆ ಸೊಟ್ಟಗೆ ಕಂಡಾವು, ಹೊಟ್ಟೆಗೆ ಹಾಕಿಕೋ. ನಾನು ಕಲಿತದ್ದು ಮೂರನೆಯ ಇಯತ್ತೆ. ಅದರಲ್ಲೂ ಒಂದು ವರ್ಷ ಮಾಸ್ತರರ ಎಮ್ಮೆ ಕಾಯ್ದದ್ದೇ ಹೆಚ್ಚು.

ನೀನು ಕರೆಂಟಿನ ಕಂಬ ಹತ್ತುತ್ತಿದ್ದ ಗುಡ್ಡದ ಮೇಲೆಯೇ ನಾವಿದ್ದೇವೆ. ನೀವು ಫ್ಯಾನು ಎನ್ನುತ್ತಿದ್ದ ಗಾಳಿಯಂತ್ರಗಳು ಈಗಿಲ್ಲ. ಗುಡ್ಡದಿಂದ ಗುಡ್ಡಕ್ಕೆ ಎತ್ತರದ ಕಂಬ ನೆಟ್ಟು ಗಾಳಿದಾರ ಕಟ್ಟಿದ್ದೇವೆ: ಕೂದಲಿನಷ್ಟು ಸಣ್ಣ ತಂತಿ, ಗಾಳಿಗೆ ಮಿಡಿದರೆ ಸಾಕು ಕರೆಂಟು ಹುಟ್ಟುತ್ತದೆ. ಮುಂಜಾನೆ ಅದು ಗುಂಯ್ ಎಂದರೆ ರೊಟ್ಟಿ ಹಂಚು ಕಾಯುತ್ತದೆ, ಸುಮ್ಮನಾದರೆ ತಂಗಳು. ಮಾಳಿಗೆಯ ಮಂಜುಬುಟ್ಟಿ, ಅಂದರೆ ಇಬ್ಬನಿ ಹಿಡಿದು ಕೊಡ ತುಂಬಿಸುವ ಬಲೆ, ಅದೂ ಈ ದಾರದಿಂದಲೇ ನಡೆಯುತ್ತದೆ. ಆದ್ದರಿಂದ ದಾರದ ಕೆಲಸಕ್ಕೆ ಹತ್ತುವವರಿಗೆ ಇಲ್ಲಿ ಬಹಳ ಮರ್ಯಾದೆ. ಕಲಿತು ಮುಗಿಸಿದವರಿಗೆ ಪಟ್ಟಿದಿನ ಮಾಡುತ್ತೇವೆ. ಅಂದು ಹಿರಿಯರು ಅವರ ನಡುವಿಗೆ ಬೆಲ್ಟು ಬಿಗಿದು, ಕಸುಬಿನ ಹೆಸರು ಕೊರೆದ ತಗಡನ್ನು ಅದಕ್ಕೆ ಹೊಲಿಯುತ್ತಾರೆ. ಗಂಡಾಗಲಿ ಹೆಣ್ಣಾಗಲಿ ಹೆಸರು ಒಂದೇ: ಲೈನರ್ಕಿ. ನಿನ್ನ ಕಾಲದ ಇಂಗ್ಲಿಷಿನ ಲೈನ್‌ವರ್ಕರ್ ನಮ್ಮ ಬಾಯಲ್ಲಿ ಸವೆದು ಹೀಗಾಗಿದೆ.

ಈ ವರ್ಷ ನನ್ನ ಮೊಮ್ಮಗಳು ಸುಂಕಿಯ ಸರದಿ. ಆಕೆ ರೊಟ್ಟಿ ಬಡಿದರೆ ಭೂಪಟವಾಗುತ್ತದೆ, ನಿಜ. ಆದರೆ ದಾರಕ್ಕೆ ಅವಳಂತೆ ಗಂಟು ಹಾಕುವವರು ಏಳು ಊರಿನಲ್ಲಿಲ್ಲ. ಇಲ್ಲಿನ ಹಿರಿಯ ಕಳಕಪ್ಪನಿಗೆ ಹಳೆಯದೆಂದರೆ ಹುಚ್ಚು. ಪಾಳುಗೋಡೆಯಲ್ಲಿ ನಿಮ್ಮ ಕಾಲದ, ಲೈನ್‌ಮ್ಯಾನ್ ಎಂದು ಬರೆದ ಗುರುತಿನ ಕಾರ್ಡುಗಳ ಪೆಟ್ಟಿಗೆ ಸಿಕ್ಕಿತು ನೋಡು, ಮೂಲದ ಹೆಸರೇ ಚೆಂದವೆಂದು ಕುಣಿದ. ಇನ್ನು ಮೇಲೆ ಗಂಡಸರ ತಗಡಿಗೆ ಲೈನ್‌ಮ್ಯಾನ್, ಹೆಂಗಸರದಕ್ಕೆ ಲೈನ್‌ವುಮನ್. ವೆಲ್ಡರ್, ಪ್ಲಂಬರ್ ಎಂಬ ಹೆಸರುಗಳು ಎಂದೂ ಯಾರ ಮೀಸೆಯನ್ನೂ ಕೇಳಿದವಲ್ಲ. ಲೈನ್‌ಮ್ಯಾನ್, ವೈರ್‌ಮ್ಯಾನ್, ಫೋರ್‌ಮನ್‌ಗಳಿಗೆ ಮಾತ್ರ ಬಾಲದಲ್ಲಿ ಮೀಸೆ. ತಗಡು ಎರಡಾದ ಮೇಲೆ ಪಾಳಿಯೂ ಎರಡಾಯಿತು. ಗುಡ್ಡದ ದಾರ ಮ್ಯಾನ್‌ಗಳಿಗೆ, ಅಂಗಳದ ಗಿಡ್ಡ ಕಂಬ ವುಮನ್‌ಗಳಿಗೆ. ಯಾರೂ ಕೆಟ್ಟವರಲ್ಲವ್ವ; ಎರಡು ಗಂಗಾಳ ಇಟ್ಟರೆ ಒಂದಕ್ಕೆ ತುಪ್ಪ ಹೆಚ್ಚು ಬೀಳುವುದು ಕೈಯ ಗುಣ. ಸುಂಕಿ ತನ್ನ ಕಲಿಕೆಯ ಬೆಲ್ಟನ್ನು ಗೂಟಕ್ಕೆ ಹಾಕಿ ಎರಡು ದಿನ ಉಣ್ಣಲಿಲ್ಲ.

ಆಗ ನಾನು ನಿನ್ನ ಕಾಗದ ತೆಗೆದೆ. ತಾಯಿಯಿಂದ ಮಗಳಿಗೆ ಬಂದದ್ದು, ಕಥೆಯೂ ಜೊತೆಗೇ ಬಂದಿದೆ. ಮಳೆಯಲ್ಲಿ ಒಬ್ಬ ಯಜಮಾನನ ಮನೆ ಮುಂದಿನ ಕಂಬ ಹತ್ತಿ ನೀನು ಕರೆಂಟು ಜೋಡಿಸಿ ಬಂದೆ. ಆತ ಅದೇ ಕರೆಂಟಿನ ಬೆಳಕಿನಲ್ಲಿ ಕುಳಿತು, ಲೈನ್‌ಮ್ಯಾನ್ ಬರಲಿಲ್ಲ, ಯಾರೋ ಹೆಂಗಸು ಬಂದಿದ್ದಳು ಎಂದು ದೂರು ಬರೆದ. ಕಚೇರಿಯವರು ಲೈನ್‌ಮ್ಯಾನ್ ಉತ್ತರಿಸಲಿ ಎಂದು ಷರಾ ಹಾಕಿ, ಆ ಊರಿನ ಲೈನ್‌ಮ್ಯಾನ್‌ಗೆ, ಅಂದರೆ ನಿನಗೇ, ಕಳಿಸಿದರು. ನೀನು ಅದರ ಅಡಿಯಲ್ಲೇ ಉತ್ತರ ಬರೆದೆ. ಇಂಥದ್ದು ಕಡತಕ್ಕೆ ಸೇರುವುದಿಲ್ಲವೆಂದು ಗುಮಾಸ್ತ ಹಿಂದಕ್ಕೆ ಎಸೆದ.

ಪಟ್ಟಿದಿನದ ಸಭೆಯಲ್ಲಿ ಅದನ್ನು ಕಳಕಪ್ಪನ ಕೈಗೆ ಕೊಟ್ಟೆ. ನನ್ನ ಕಣ್ಣು ಮಂದ, ನೀನೇ ಓದಪ್ಪಾ ಎಂದೆ. ಹಳೆಯ ಅಕ್ಷರ ಕಂಡು ಅವನ ಮುಖ ಅರಳಿತು. ಗಂಟಲು ಸರಿಮಾಡಿಕೊಂಡು ದೂರನ್ನು ಓದಿದ. ಓದುವ ಭರದಲ್ಲಿ ನಿನ್ನ ಉತ್ತರವನ್ನೂ ಓದಿಬಿಟ್ಟ:

“ಹೆಂಗಸು ಬಂದಿದ್ದು ಖರೆ. ಕರೆಂಟ್ ಬಂದಿದ್ದೂ ಖರೆ. ನಿಮ್ಮ ಲೈನ್‌ಮ್ಯಾನ್ ಯಾವಾಗ ಬರ್ತಾನೋ, ನಾನೂ ದಾರಿ ಕಾಯಾಕತ್ತೇನಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಸಭೆಯೆಲ್ಲ ನಕ್ಕಿತು. ಕಳಕಪ್ಪ ನಗಲಿಲ್ಲ. ಇದು ಪೆಟ್ಟಿಗೆಯಲ್ಲಿ ಯಾಕಿರಲಿಲ್ಲ ಎಂದು ಕೇಳಿದ.

“ಪೆಟಿಗ್ಯಾಗ ಇಡೂವಂಥಾದ್ದಲ್ಲಪ್ಪಾ ಅದು, ಅದಕ್ಕ” ಎಂದೆ. “ನಿನ್ನ ಹಂಚು ಕಾಯೂಮುಂದ ಮ್ಯಾಲೆ ಗಂಟು ಹಾಕಿದವರು ಯಾರಂತ ಎಂದಾರ ಕೇಳೀಯೇನು?”

ಕಳಕಪ್ಪ ಕಾಗದವನ್ನು ಮಡಿಸಿ ನನ್ನ ಕೈಗಿಟ್ಟ. ಆಮೇಲೆ ಕೊರೆಸಿದ್ದ ತಗಡುಗಳನ್ನೆಲ್ಲ ಮಗುಚಿ ಹಾಕಿ, ಹಿಂದಿನ ಮಗ್ಗುಲಿಗೆ ಲೈನರ್ಕಿ ಎಂದು ಕೊರೆಸಿದ. ತಗಡು ಹಾಳುಮಾಡುವ ಪೈಕಿ ಅಲ್ಲ, ಜಿಪುಣ. ಪಾಳಿ ಮತ್ತೆ ಒಂದಾಯಿತು.

ಈಗ ಸುಂಕಿ ಗುಡ್ಡದ ಮೇಲಿದ್ದಾಳೆ. ದಾರ ಗುಂಯ್ ಎನ್ನುತ್ತಿದೆ, ನನ್ನ ಹಂಚು ಕಾದಿದೆ. ಎಲ್ಲರ ಕಾರ್ಡಿಗೂ ಲೈನ್‌ವರ್ಕರ್ ಎಂಬ ಒಂದೇ ಹೆಸರು ಬರೆಸಲು ನೀನು ಹನ್ನೊಂದು ವರ್ಷ ಆ ಕಚೇರಿಯ ಮೆಟ್ಟಿಲು ತುಳಿದೆಯಂತೆ. ಆ ಮೆಟ್ಟಿಲುಗಳಿಗೂ ನನ್ನ ಶರಣು ಮುಟ್ಟಿಸು.

ಒಂದೇ ಬೇಡಿಕೆ ಇದೆ. ಆ ಕಾಗದದ ಒಂದು ಮೂಲೆ ಸುಟ್ಟಿದೆ. ಗುಮಾಸ್ತ ಎಸೆದ ದಿನ ನೀನು ಸಿಟ್ಟಿಗೆ ಅದನ್ನು ಒಲೆಗೆ ಹಾಕಿ, ಮತ್ತೆ ಎಳೆದುಕೊಂಡೆಯಂತೆ. ಯಾಕೆ ಎಳೆದುಕೊಂಡೆಯೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಈ ಪತ್ರ ಸರಿಯಾಗಿ ಆ ಹೊತ್ತಿಗೆ ನಿನ್ನ ಕೈ ಸೇರಲಿ. ಬೆರಳು ಸುಟ್ಟರೂ ಚಿಂತೆಯಿಲ್ಲ, ಎಳೆದುಕೋ ತಾಯಿ. ಒಲೆಗೆ ಕಾಗದ ಬೇಕೇ ಬೇಕಾದರೆ ನನ್ನದನ್ನು ಹಾಕು.