ಅಕ್ಕಿ ಡಬ್ಬಿಯ ಮುಲಾಮು

ಮಾನ್ವಿ, ಗುರುವಾರ, ನವೆಂಬರ್ ೧೩

ಮುಲಾಮು ಸಿಕ್ಕಿತು. ಕದ್ದು ತಿನ್ನಲು ಬೆಲ್ಲ ಹುಡುಕುತ್ತ ಅಕ್ಕಿ ಡಬ್ಬಿಗೆ ಕೈ ಹಾಕಿದೆ, ಟ್ಯೂಬು ಬಂತು. ಇನ್ನಷ್ಟು ತಡವಾಗಿದ್ದರೆ ನನ್ನ ಬದಲು ಅನ್ನಕ್ಕೆ ವಾಸಿಯಾಗುತ್ತಿತ್ತು.

ಮಗನ ನಾಲಿಗೆಯ ಮೇಲೆ ಬಿಳಿ ಬೂಷ್ಟು, ನನ್ನ ಮೊಲೆತೊಟ್ಟಿಗೂ ಅದೇ ಸೋಂಕು. ತಾಯಿ ಮಗ ಇಬ್ಬರದೂ ಹಳೆಯ ಬ್ರೆಡ್ಡಿನ ಗತಿ. ಇಬ್ಬರಿಗೂ ಒಟ್ಟಿಗೆ ಔಷಧ ಹಚ್ಚದಿದ್ದರೆ ಅದು ರಾಯಚೂರು ಬಸ್ಸಿನ ಹಾಗೆ ಹೋಗಿ ಬಂದು ಮಾಡುತ್ತಲೇ ಇರುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವ್ವ ಮಗುವಿನ ಬಾಯಿಗೆ ಹನಿ ಔಷಧ ಮಾತ್ರ ತಪ್ಪದೆ ಹಾಕಿದಳು. ನನ್ನ ಟ್ಯೂಬು ಕಳೆದಿದೆ ಎಂದು ನನ್ನ ಜೊತೆ ಮಂಚದ ಕೆಳಗೆ ಬಗ್ಗಿ ಹುಡುಕಿಯೂ ಹುಡುಕಿದಳು!

"ಯಾಕ ಮುಚ್ಚಿಟ್ಟಿ ಯವ್ವಾ?" ಅಂದೆ.

"ಕೂಸಿನ ಬಾಯಾಗ ಮುಲಾಮು ಹೋಗ್ತದಲ್ಲೇ. ನೀ ದೊಡ್ಡಾಕಿ, ತಡ್ಕೋ."

"ಖಾರ ಹಚ್ಚಿದಂಗ ಉರೀತದವ್ವ."

"ಉರದ್ರ ಉರೀಲಿ. ತಾಯಿ ಆಗೋದಂದ್ರ ಕಾಲೇಜಿನ್ಯಾಗ ನಗಿ ಭಾಷಣ ಮಾಡಿದಂಗ ಅಂದ್ಕೊಂಡಿಯೇನು?"

ನನ್ನ ಭಾಷಣಕ್ಕೆ ಸಭೆ ನಕ್ಕದ್ದುಂಟು, ಇಂಥ ಪೆಟ್ಟು ಕೊಡಲು ನನಗೆಂದೂ ಬಂದಿಲ್ಲ.

ಸಂಜೆ ಮಗು ಹಸಿದು ಅಳುತ್ತಿತ್ತು. ಕೇಳಿಸಿಯೂ ಎತ್ತಿಕೊಳ್ಳಲಿಲ್ಲ. ಹಲ್ಲು ಬಾರದ ಬಾಯಿಗೆ ಇಷ್ಟು ಹೆದರುತ್ತೇನೆಂದು ಯಾರಿಗೆ ಹೇಳಲಿ? ಕೊನೆಗೆ ಕುಡಿಸಿದೆ. ನನಗೆ ಉರಿ, ಅವನಿಗೆ ಬಾಯಿ ನೋವು, ಇಬ್ಬರೂ ಅತ್ತೆವು. ಅವ್ವ ಹೊರಗಿನಿಂದಲೇ ಕೂಗಿದಳು: "ನಕ್ಕೋತ ಕುಡಸು, ಅತ್ತರ ಹಾಲು ಕಹಿ ಆಗ್ತದ."

ನಕ್ಕೆ. ನಗು ಕಹಿಯಾಯಿತು.

ಈಗ ಮುಲಾಮು ಹಚ್ಚಿಕೊಂಡು ಕುಳಿತಿದ್ದೇನೆ. ಟ್ಯೂಬು ತಲೆದಿಂಬಿನ ಒಳಗಿದೆ, ಅಲ್ಲಿಗೆ ಯಾರ ಕೈಯೂ ಬಾರದು. ಮಗು ಮಿಸುಕಾಡುತ್ತಿದೆ. ಬಾಗಿಲು ಕಿರ್ರೆಂದಿತು. ಅವ್ವ. ಕೈಯಲ್ಲಿ ಒದ್ದೆ ಬಟ್ಟೆ, ನಾನು ಹಚ್ಚಿಕೊಂಡ ಮುಲಾಮು ಒರೆಸಿಹಾಕಲು ಬಂದಿದ್ದಾಳೆ.